ನಿಧಾನದವರು ಮುಂದೆ

ನಮ್ಮ ಅತ್ತಿಗೆ ಮೂವತ್ತೊಂದು ವರ್ಷ ಬಸ್ ಡಿಪೋದಲ್ಲಿ ವೇಳಾಪಟ್ಟಿ ಬರೆದವರು. ಡ್ರೈವರುಗಳು ಎದುರಿಗೆ ಮೇಡಂ ಎನ್ನುತ್ತಿದ್ದರು, ಬೆನ್ನ ಹಿಂದೆ ಗಡಿಯಾರದಮ್ಮ ಎನ್ನುತ್ತಿದ್ದರು. ಎರಡೂ ಅವರಿಗೆ ಗೊತ್ತಿತ್ತು. ಚುರುಕಾದ ಡ್ರೈವರನ ಲೆಕ್ಕ ಹಿಡಿದು ಬರೆದ ವೇಳಾಪಟ್ಟಿ ಬರೀ ಬೊಗಳೆ ಎಂಬುದು ಅವರ ವಾದ. ಕೈಯಲ್ಲಿ ಚೀಲ, ಕಂಕುಳಲ್ಲಿ ಮಗು ಇರುವ ಹೆಂಗಸಿಗೆ ಬಸ್ಸು ಹತ್ತಲು ಎಷ್ಟು ಹೊತ್ತು ಬೇಕೋ ಅದನ್ನು ನೋಡಿಕೊಂಡೇ ಅವರು ಬರೆಯುತ್ತಿದ್ದರು.

ನಿವೃತ್ತಿಯಾದ ಮೇಲೆ ಸುಮ್ಮನೆ ಕೂರುವ ಪೈಕಿ ಅವರಲ್ಲ. ಅರವತ್ತು ದಾಟಿದವರನ್ನು ಒಟ್ಟು ಹಾಕಿಕೊಂಡು ವರ್ಷಕ್ಕೊಮ್ಮೆ ಮೂರು ದಿನದ ಪ್ರವಾಸ ಶುರುಮಾಡಿದರು. ಬೆಳಿಗ್ಗೆ ಸೈಕಲ್ಲು, ಮಧ್ಯಾಹ್ನ ವಿಶ್ರಾಂತಿ, ಸಂಜೆ ಕಾಲ್ನಡಿಗೆ. ದಿನಕ್ಕೆ ಹದಿನೆಂಟು ಕಿಲೋಮೀಟರು, ಅದರ ಮೇಲೆ ಒಂದು ಹೆಜ್ಜೆಯೂ ಇಲ್ಲ. ನನ್ನದು ಸೈಕಲ್ ರಿಪೇರಿ ಅಂಗಡಿ, ಜೊತೆಗೆ ಮೈದುನ ಬೇರೆ. ಕೇಳುವ ಗೋಜಿಗೇ ಹೋಗದೆ ನನ್ನನ್ನೂ ಸೇರಿಸಿಕೊಂಡರು. ಬ್ರೇಕು ಬಿಗಿಮಾಡಿ, ಕೂತಲ್ಲೇ ಎರಡೂ ಪಾದ ನೆಲಕ್ಕೆ ಊರುವಂತೆ ಸೀಟು ತಗ್ಗಿಸಿ ಹನ್ನೊಂದು ಸೈಕಲ್ಲು ತಯಾರು ಮಾಡುವುದು ನನ್ನ ಪಾಲಿನ ಕೆಲಸ. ಅಣ್ಣ ಮಾತ್ರ ಬರುವುದಿಲ್ಲ. "ಈ ವಯಸ್ಸಲ್ಲಿ ಸೈಕಲ್ ತುಳಿಯೋಕೆ ನನಗೇನು ತಲೆ ಕೆಟ್ಟಿದ್ಯಾ?" ಎಂದು ಪೇಪರಿನ ಹಿಂದೆ ಮುಖ ಮರೆಸಿಕೊಳ್ಳುತ್ತಾನೆ.

ಪ್ರವಾಸಕ್ಕೆ ಎರಡು ವಾರ ಮೊದಲು ಅತ್ತಿಗೆ ದಾರಿಯನ್ನು ತಾವೇ ತುಳಿದು ನೋಡುತ್ತಾರೆ. ಜೊತೆಗೆ ನಾನು, ಮತ್ತೆ ಗೆರೆ ಎಳೆದ ಒಂದು ಪುಸ್ತಕ. ದಾರಿಯಲ್ಲಿ ಸಿಗುವ ಪ್ರತಿ ಬೆಂಚಿನ ಮೇಲೂ ಕೂತು, ಏನನ್ನೂ ಹಿಡಿಯದೆ ಏಳಲು ಬರುತ್ತದೆಯೇ ಎಂದು ಪರೀಕ್ಷೆ ಮಾಡಿ ಬರೆದುಕೊಳ್ಳುತ್ತಾರೆ. "ಪೆಟ್ರೋಲ್ ಬಂಕಿನ ಶೌಚಾಲಯ: ಮೆಟ್ಟಿಲು ಮೂರು, ಹಿಡಿಕೆ ಇಲ್ಲ, ಚಿಲಕ ಸಡಿಲ." ಇಂಥದ್ದು ಪುಟಗಟ್ಟಲೆ. ಬಿಸಿಲಲ್ಲಿ ಕಾದು ನಿಂತು ನನಗೆ ರೇಗಿಹೋಗುತ್ತಿತ್ತು. ಆದರೆ ಹನ್ನೊಂದು ವರ್ಷದಲ್ಲಿ ಆ ಪುಸ್ತಕದ ಒಂದು ಸಾಲೂ ಸುಳ್ಳಾದದ್ದಿಲ್ಲ.

ಇನ್ನೊಂದು ನಿಯಮವಿದೆ. ಹೊರಡುವ ದಿನ ಬೆಳಿಗ್ಗೆ ಆಟದ ಮೈದಾನದಲ್ಲಿ ಎಲ್ಲರೂ ಒಬ್ಬೊಬ್ಬರಾಗಿ ಒಂದು ಸುತ್ತು ಹೊಡೆಯಬೇಕು. ಯಾರು ಎಲ್ಲರಿಗಿಂತ ನಿಧಾನವೋ ಅವರ ಹ್ಯಾಂಡಲಿಗೆ ಒಂದು ಹಳದಿ ಬಟ್ಟೆ ಕಟ್ಟುತ್ತಾರೆ. ಮೂರು ದಿನವೂ ಅವರೇ ಮುಂದೆ, ಅವರನ್ನು ಯಾರೂ ಹಿಂದೆ ಹಾಕುವಂತಿಲ್ಲ, ಅವರು ನಿಂತರೆ ಎಲ್ಲರೂ ನಿಲ್ಲಬೇಕು. ಮೂರು ವರ್ಷದಿಂದ ಆ ಬಟ್ಟೆ ಎಪ್ಪತ್ತೆಂಟರ ಒಬ್ಬ ನಿವೃತ್ತ ಕಾಂಪೌಂಡರದು. ಅತ್ತಿಗೆ ಮೈದಾನದ ಸುತ್ತು ಹೊಡೆದವರೇ ಅಲ್ಲ. ಗಡಿಯಾರ ಹಿಡಿದು ನಿಲ್ಲುವುದು ಅವರ ಕೆಲಸ, ಆಮೇಲೆ ಕೊರಳಲ್ಲಿ ಸೀಟಿ ಹಾಕಿಕೊಂಡು ಎಲ್ಲರ ಹಿಂದೆ ಬರುವುದು.

ಈ ವರ್ಷದ ಪ್ರವಾಸದಲ್ಲಿ ಎರಡನೇ ದಿನದ ದಾರಿಯೇ ಚೆಂದದ್ದು. ಹಳ್ಳದ ಮೇಲಿನ ಸೇತುವೆ ದಾಟಿ ಒಂದು ಏರು ಹತ್ತಿದರೆ ಮೇಲೆ ದೊಡ್ಡ ಕೆರೆ. ಆ ದಾರಿ ನೋಡಲು ಹೋಗಬೇಕಾದ ದಿನ ಅಂಗಡಿಯಲ್ಲಿ ಕೈತುಂಬ ಕೆಲಸವಿತ್ತು. ಅತ್ತಿಗೆ ಒಬ್ಬರೇ ಹೋಗಿಬಂದರು. "ಸೇತುವೆ ಕುಸಿದಿದೆ. ಕಾಲುವೆ ಪಕ್ಕದ ಮಟ್ಟಸ ರಸ್ತೆಯಲ್ಲಿ ಹೋಗುವುದು" ಎಂದು ಪುಸ್ತಕದಲ್ಲಿ ಬರೆದು, ಎಲ್ಲರಿಗೂ ಫೋನ್ ಮಾಡಿ ಹೇಳಿದರು. ಯಾರೂ ತಕರಾರು ತೆಗೆಯಲಿಲ್ಲ.

ನಾಲ್ಕು ದಿನ ಬಿಟ್ಟು ಒಂದು ಸೈಕಲ್ಲು ಮುಟ್ಟಿಸಲು ಆ ಕಡೆಗೇ ಹೋದೆ. ಸೇತುವೆ ಮೇಲೆ ಲಾರಿಗಳು ಓಡಾಡುತ್ತಿದ್ದವು! ನನಗೆ ಮೈಯೆಲ್ಲ ಉರಿಯಿತು. ಶೌಚಾಲಯದ ಚಿಲಕವನ್ನೂ ಬಿಡದೆ ಬರೆಯುವ ಹೆಂಗಸು ಇಡೀ ಸೇತುವೆಯನ್ನೇ ಬೀಳಿಸಿಬಿಡುವುದೆಂದರೇನು? ಸೀದಾ ಅಣ್ಣನ ಮನೆಗೆ ಹೋದೆ. ಅತ್ತಿಗೆ ಊಟದ ಮೇಜಿನ ಮೇಲೆ ಪುಸ್ತಕ ಇಟ್ಟುಕೊಂಡು ಗೆರೆ ಎಳೆಯುತ್ತಿದ್ದರು.

"ಸೇತುವೆ ಗಟ್ಟಿಮುಟ್ಟಾಗಿದೆ ಅತ್ತಿಗೆ. ಈಗ ತಾನೆ ಅದರ ಮೇಲೇ ಬಂದೆ."

ಎಳೆಯುತ್ತಿದ್ದ ಗೆರೆಯನ್ನು ಪೂರ್ತಿ ಮುಗಿಸಿಯೇ ಅವರು ತಲೆ ಎತ್ತಿದರು.

"ಮೆಲ್ಲಗೆ ಮಾತಾಡು, ನಿಮ್ಮಣ್ಣ ಒಳಗಿದ್ದಾರೆ. ಆ ಏರು ನನ್ನಿಂದ ಆಗ್ಲಿಲ್ಲ ಕಣೋ. ಇಳಿದು ತಳ್ಕೊಂಡು ಹೋದೆ, ಅರ್ಧಕ್ಕೇ ಉಸಿರು ಕಟ್ತು. ಇಪ್ಪತ್ತು ನಿಮಿಷ ರಸ್ತೆ ಪಕ್ಕ ಕೂತಿದ್ದೆ."

ನಾನು ಕುರ್ಚಿ ಎಳೆದು ಕೂತೆ. "ಡಾಕ್ಟರ್‌ಗೆ ತೋರಿಸಿದ್ರಾ?"

"ತೋರಿಸ್ದೆ. ಗಾಬರಿಪಡೋ ಅಂಥದ್ದೇನಿಲ್ಲ, ವಯಸ್ಸಾಯ್ತು, ಸೈಕಲ್ ಬಿಡ್ಬೇಡಿ, ನಿಧಾನವಾಗಿ ಹೋಗಿ ಅಂದ್ರು. ನಿಧಾನವಾಗಿ ಹೋಗಿ ಅಂತ ನನಗೇ ಹೇಳ್ತಾರೆ ನೋಡು!"

"ಇದನ್ನೇ ಎಲ್ಲರಿಗೂ ಹೇಳ್ಬೋದಿತ್ತಲ್ಲ?"

"ಹೇಳಿದ್ರೆ ಏನಂತಾರೆ? ಪುಸ್ತಕ ಕೊಡಿ ಮೇಡಂ, ನೀವು ಮನೇಲಿ ಆರಾಮಾಗಿರಿ, ನಾವು ಹೋಗಿಬರ್ತೀವಿ ಅಂತಾರೆ. ಪ್ರೀತಿಯಿಂದಾನೇ ಅಂತಾರೆ. ಅದೇ ನನಗೆ ಭಯ." ಸ್ಕೇಲನ್ನು ಮೇಜಿನ ಮೇಲಿಟ್ಟರು. "ಈ ಮೂರು ದಿನಕ್ಕೋಸ್ಕರ ವರ್ಷವೆಲ್ಲ ಕಾಯ್ತೀನಿ. ಬಾಯಿ ಬಿಡಬೇಡ."

ನಾನು ಆಗಲಿ ಎನ್ನಲಿಲ್ಲ, ಇಲ್ಲವೆನ್ನಲೂ ಇಲ್ಲ. ಸಿಟ್ಟು ಇಳಿದಿತ್ತು, ಆದರೆ ಸಂಕಟ ಬಿಡಲಿಲ್ಲ. ಅವರ ಹೆದರಿಕೆ ನನಗೆ ಅರ್ಥವಾಗುತ್ತಿತ್ತು. ಅವರು ಇಲ್ಲದ ಪ್ರವಾಸವನ್ನು ಊಹಿಸಿಕೊಳ್ಳಲು ನನ್ನಿಂದಲೂ ಆಗಲಿಲ್ಲ. ಹಾಗೆಂದು ಹನ್ನೊಂದು ವರ್ಷದ ಪುಸ್ತಕದಲ್ಲಿ ಆ ಸುಳ್ಳು ಉಳಿದುಬಿಡುವುದೂ ನನಗೆ ಸರಿಬರಲಿಲ್ಲ. ಎರಡು ದಿನ ಚೈನಿಗೆ ಎಣ್ಣೆ ಬಿಡುತ್ತ ಇದನ್ನೇ ಯೋಚಿಸಿದೆ.

ಹೊರಡುವ ದಿನ ಬೆಳಿಗ್ಗೆ ಒಂಬತ್ತು ಜನ ಪ್ರವಾಸಿಗರೂ ಸುತ್ತು ಮುಗಿಸಿದರು. ಕಾಂಪೌಂಡರಿಗೆ ಮೂರು ನಿಮಿಷ ಐವತ್ತು ಸೆಕೆಂಡು ಹಿಡಿಯಿತು. ಯಾವತ್ತಿನಂತೆ ಅವರೇ ಕೊನೆ. ಅವರು ಖುಷಿಯಿಂದ ಹಳದಿ ಬಟ್ಟೆ ಕಟ್ಟಿಕೊಳ್ಳುತ್ತಿದ್ದಾಗ ನಾನು ಅತ್ತಿಗೆಯ ಮುಂದೆ ಕೈ ಚಾಚಿದೆ.

"ಗಡಿಯಾರ ಕೊಡಿ. ನೀವೂ ಒಂದು ಸುತ್ತು ಹೊಡೀರಿ."

"ನಾನ್ಯಾಕೆ?"

"ನಿಯಮ ಎಲ್ಲರಿಗೂ ಒಂದೇ ಅಂತ ಪುಸ್ತಕದ ಮೊದಲನೇ ಪುಟದಲ್ಲಿ ಬರೆದಿರೋರು ಯಾರು?"

ನನ್ನನ್ನು ಹಸಿಹಸಿಯಾಗಿ ತಿನ್ನುವಂತೆ ನೋಡಿದರು. ಆಮೇಲೆ ಗಡಿಯಾರವನ್ನು ನನ್ನ ಕೈಗೆ ಹಾಕಿ ಸೈಕಲ್ಲು ಹತ್ತಿದರು. ಆ ಒಂದು ಸುತ್ತು ಮುಗಿಯುವಷ್ಟರಲ್ಲಿ ನನಗೆ ಸಾಕುಸಾಕಾಗಿಹೋಯಿತು. ಯಾಕಾದರೂ ಈ ಕೆಲಸ ಮಾಡಿದೆನೋ ಎಂದುಕೊಂಡೆ. ನಾಲ್ಕು ನಿಮಿಷ ಮೂವತ್ತೈದು ಸೆಕೆಂಡು.

ಅತ್ತಿಗೆ ಇಳಿದರು. ಉಸಿರು ಹಿಡಿತಕ್ಕೆ ಬರುವವರೆಗೆ ಸೀಟಿನ ಮೇಲೆ ಕೈಯೂರಿ ನಿಂತರು.

"ಎಲ್ಲರೂ ಕೇಳಿ. ಸೇತುವೆ ಕುಸಿದಿಲ್ಲ. ಆ ಏರು ನನ್ನ ಕೈಲಾಗ್ಲಿಲ್ಲ, ಅದಕ್ಕೆ ಸುಳ್ಳು ಬರೆದೆ."

ಕಾಂಪೌಂಡರು ಕೆಮ್ಮಿದರು. "ಗೊತ್ತು ಮೇಡಂ. ನನ್ನ ಮಗಳ ಮನೆ ಇರೋದೇ ಆ ಸೇತುವೆ ಆಚೆ. ವಾರಕ್ಕೆರಡು ಸಲ ಹೋಗ್ತೀನಿ."

"ನನಗೂ ಗೊತ್ತಿತ್ತು" ಎಂದರು ನಮ್ಮ ಗುಂಪಿನ ಹಲ್ಲಿನ ಡಾಕ್ಟರಮ್ಮ. ಹಿಂದೆ ನಿಂತಿದ್ದ ಇಬ್ಬರು ಮೂವರು ನೆಲ ನೋಡಿದರು. ಅವರಿಗೂ ಗೊತ್ತಿತ್ತು!

"ಮತ್ತೆ ಒಬ್ಬರೂ ಬಾಯಿ ಬಿಡ್ಲಿಲ್ಲ?"

"ಸೇತುವೆ ಕುಸಿದಿದೆ ಅಂತ ನೀವು ಬರೆದ್ಮೇಲೆ ಅದು ಕುಸಿದ ಹಾಗೇ ಅಲ್ವಾ ಮೇಡಂ" ಎಂದು ಕಾಂಪೌಂಡರು ತಮ್ಮ ಹ್ಯಾಂಡಲಿನ ಬಟ್ಟೆ ಬಿಚ್ಚಿದರು. "ಕೆರೆ ಎಲ್ಲೂ ಓಡಿಹೋಗಲ್ಲ. ನೀವು ಬರದೇ ಇದ್ದಿದ್ರೆ ಕಷ್ಟ ಆಗ್ತಿತ್ತು. ತಗೊಳ್ಳಿ, ಇದು ಇನ್ಮೇಲೆ ನಿಮ್ದು. ಮೂರು ವರ್ಷ ಮುಂದೆ ಹೋಗಿ ಹೋಗಿ ನನಗೂ ಬೇಜಾರಾಗಿದೆ, ಹರಟೆ ಹೊಡೆಯೋಕೆ ಮುಂದೆ ಯಾರೂ ಇರಲ್ಲ."

ಅವರೇ ಅದನ್ನು ಅತ್ತಿಗೆಯ ಹ್ಯಾಂಡಲಿಗೆ ಕಟ್ಟಿದರು. ಅತ್ತಿಗೆ ಕೊರಳಿನ ಸೀಟಿ ತೆಗೆದು ನನಗೆ ಕೊಟ್ಟರು, ಪುಸ್ತಕ ತೆರೆದು ಸೇತುವೆಯ ಸಾಲನ್ನು ಹೊಡೆದುಹಾಕಿದರು.

ಮಾರನೆಯ ದಿನ ಸೇತುವೆ ದಾಟಿದೆವು. ಏರಿನ ಬುಡದಲ್ಲಿ ಅತ್ತಿಗೆ ಇಳಿದರು. ತುಳಿದುಕೊಂಡೇ ಹತ್ತಬಲ್ಲವರು ನಮ್ಮಲ್ಲಿ ನಾಲ್ಕೈದು ಜನ ಇದ್ದರು, ಅವರೂ ಇಳಿದರು. ಅತ್ತಿಗೆ ದಾರಿಯಲ್ಲಿ ಆರು ಸಲ ನಿಂತರು, ನಾವೂ ಆರು ಸಲ ನಿಂತೆವು. ನೀರು ಕುಡಿದೆವು, ಬಾಳೆಹಣ್ಣು ತಿಂದೆವು. ಕಾಂಪೌಂಡರು ಮೂರು ವರ್ಷದಿಂದ ಕೂಡಿಟ್ಟಿದ್ದ ಹರಟೆಯನ್ನೆಲ್ಲ ಡಾಕ್ಟರಮ್ಮನ ಮೇಲೆ ಸುರಿದರು. ಮೇಲೆ ಮುಟ್ಟಿದಾಗ ಕೆರೆ ಇದ್ದಲ್ಲೇ ಇತ್ತು. ಎಲ್ಲರೂ ಅದನ್ನೇ ನೋಡುತ್ತ ನಿಂತರು.

ಅತ್ತಿಗೆ ಕೆರೆಗೆ ಬೆನ್ನು ಮಾಡಿ ನನ್ನ ಕಡೆ ತಿರುಗಿದರು. "ಎಷ್ಟು ನಿಮಿಷ ಹಿಡೀತು?"

ಗಡಿಯಾರ ನನ್ನ ಜೇಬಿನಲ್ಲೇ ಇತ್ತು. "ನೋಡ್ಲಿಲ್ಲ ಅತ್ತಿಗೆ" ಎಂದೆ.

"ನೋಡ್ಲಿಲ್ವಾ? ಮತ್ತೆ ಮುಂದಿನ ವರ್ಷದ್ದು ಏನು ಅಂತ ಬರೀಲಿ?"

ಅಷ್ಟು ಜನರೆದುರು ಬೈಸಿಕೊಂಡು ನನಗೆ ಯಾವತ್ತೂ ಅಷ್ಟು ಸಂತೋಷವಾಗಿರಲಿಲ್ಲ.