ಬಡವಾಗಬೇಕಿದ್ದ ತುಂಡು

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನಾನಾಗ ಉಡುಪಿ ಸೀಮೆಯ ಒಂದು ಭತ್ತ ಸಂಶೋಧನಾ ಕೇಂದ್ರದಲ್ಲಿ ಮಣ್ಣು ವಿಜ್ಞಾನಿಯಾಗಿದ್ದೆ. ನಮ್ಮ ಸಾರ ಹಿಡಿದಿಡದ ಮುರಕಲ್ಲಿನ ಕೆಂಪು ಮಣ್ಣಿಗೆ ಮಳೆಗಾಲದಲ್ಲಿ ಯೂರಿಯಾ ಹಾಕುವುದೆಂದರೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ಒಂದು ಜಡಿಮಳೆಗೆ ತೊಳೆದುಹೋಗುತ್ತದೆ. ಅದನ್ನೇ ಕಂತಿನಲ್ಲಿ ಕೊಟ್ಟರೆ ಪೈರಿಗೆ ಹೆಚ್ಚು ದಕ್ಕೀತೇ ಎಂಬುದು ನಮ್ಮ ಪ್ರಶ್ನೆ. ರೈತರ ಗದ್ದೆಯಲ್ಲಿ ನೋಡದೆ ಶಿಫಾರಸು ಮಾಡುವಂತಿರಲಿಲ್ಲ.

ಶಿರ್ವದ ಹತ್ತಿರ ರಸ್ತೆಗೆ ತಾಗಿದ ಗದ್ದೆಯೊಂದು ಸಿಕ್ಕಿತು. ಅದನ್ನು ಗೇಣಿಗೆ ಮಾಡುತ್ತಿದ್ದವರು ಗಿರಿಜಾ ಪೂಜಾರ್ತಿ ಎಂಬ ವಿಧವೆ. ಬದು ಹಾಕಿ ಮೂರು ತುಂಡು ಮಾಡಿದೆವು. ಒಂದಕ್ಕೆ ಯೂರಿಯಾ ಒಂದೇ ಸಲ, ಇನ್ನೊಂದಕ್ಕೆ ಕಂತಿನಲ್ಲಿ, ರಸ್ತೆಬದಿಯದಕ್ಕೆ ಯಾವ ಗೊಬ್ಬರವೂ ಇಲ್ಲ. ಈ ಕೊನೆಯದನ್ನು ಕಂಟ್ರೋಲ್ ಎನ್ನುತ್ತೇವೆ. ಅದು ಹಳದಿ ತಿರುಗಿ ಬಡವಾಗಿ ಬೆಳೆದರೆ ಮಾತ್ರ ಉಳಿದೆರಡಕ್ಕೆ ಗೊಬ್ಬರ ಎಷ್ಟು ಉಪಕಾರ ಮಾಡಿತೆಂದು ಅಳೆಯಬಹುದು. ಕಡಿಮೆಯಾದ ಭತ್ತವನ್ನು ಕೇಂದ್ರವೇ ತುಂಬಿಕೊಡುತ್ತದೆ ಎಂದೂ ಹೇಳಿದ್ದೆ. ಗಿರಿಜಕ್ಕ "ಆಯಿತು ಸಾರ್" ಎಂದಿದ್ದರು.

ಜಡಿಮಳೆಯ ಆಟಿ ತಿಂಗಳು, ಅಂದರೆ ಆಷಾಢ, ಕಳೆಯುವಾಗ ನೋಡಿದರೆ ಕಂಟ್ರೋಲ್ ತುಂಡು ಕಡುಹಸಿರಾಗಿ ನಿಂತಿತ್ತು. ಏಡಿಗಳು ಬದು ಕೊರೆದು ಪಕ್ಕದ ಗೊಬ್ಬರದ ನೀರು ನುಗ್ಗಿರಬೇಕೆಂದುಕೊಂಡು, ಮಳೆಯಲ್ಲಿ ಬಗ್ಗಿ ಬಿಲಗಳನ್ನೆಲ್ಲ ಕೆಸರಿನಿಂದ ಮುಚ್ಚಿದೆ. ಸೊಂಟನೋವು ಬಂದದ್ದೇ ಲಾಭ. ಮುಂದಿನ ಸಲ ಪೈರಿನ ಬುಡಕ್ಕೆ ಕೈಹಾಕಿದಾಗ ಸಿಕ್ಕಿದ್ದು ದನದ ಹಟ್ಟಿಯ ಗೊಬ್ಬರ ಮತ್ತು ಒಲೆಯ ಬೂದಿ. ಸಿಟ್ಟು ನೆತ್ತಿಗೇರಿತು.

"ಗಿರಿಜಕ್ಕ, ಇದಕ್ಕೆ ಗೊಬ್ಬರ ಹಾಕಿದ್ದು ಯಾರು?"

"ನಾನೇ ಸಾರ್. ಎಂತ ಮಾಡುವುದು? ಟ್ರಿಬ್ಯೂನಲಿನವರು ಗದ್ದೆ ನೋಡಲಿಕ್ಕೆ ಬರುತ್ತಾರೆ. ರಸ್ತೆ ಬದಿಯಲ್ಲೇ ಹಳದಿ ಪೈರು ಕಂಡರೆ, ಇವಳು ಬೇಸಾಯ ಮಾಡುವವಳೇ ಅಲ್ಲ ಅಂತ ಧಣಿಗಳ ಕಡೆಯವರು ಹೇಳುವುದಿಲ್ವಾ? ನಿಮ್ಮ ಕಂಟ್ರೋಲ್ ಅವರಿಗೆ ಗೊತ್ತುಂಟಾ?"

ಅದು 'ಉಳುವವನೇ ಹೊಲದೊಡೆಯ' ಎಂಬ ಕಾನೂನು ಬಂದಿದ್ದ ಕಾಲ. ತಾವೇ ಸಾಗುವಳಿ ಮಾಡುತ್ತಿದ್ದೇವೆಂದು ಗೇಣಿದಾರರು ಭೂನ್ಯಾಯಮಂಡಳಿಯ ಮುಂದೆ ತೋರಿಸಬೇಕಿತ್ತು. ಗಂಡ ಹೋದ ಮೇಲೆ ಈ ಹೆಂಗಸು ಗದ್ದೆಯನ್ನು ಬೇಸಾಯ ಮಾಡದೆ ಹಡಿಲು ಬಿಟ್ಟಿದ್ದಾಳೆ ಎಂಬುದೇ ಎದುರುಪಕ್ಷದ ವಾದವಂತೆ. ನಮಗೆ ಬೇಕಾಗಿದ್ದ ಹಳದಿ ಬಣ್ಣ ಅವರ ಗದ್ದೆಯನ್ನೇ ಕಳೆಯಬಹುದಿತ್ತು.

ಆ ಬೆಳೆಯ ಅಂಕಿಗಳನ್ನು ಕೈಬಿಡುತ್ತೇನೆಂದು ಕೇಂದ್ರದ ಮುಖ್ಯಸ್ಥರಿಗೆ ತಿಳಿಸಿದೆ. "ಒಂದು ವರ್ಷ ನೀರಿಗೆ ಹೋಯಿತಲ್ಲ ಮಾರಾಯ್ರೇ" ಎಂದರು. ಅವರು ಹೇಳಿದ್ದು ತಪ್ಪಲ್ಲ. ಟ್ರಿಬ್ಯೂನಲಿನವರು ಬಂದಾಗ ಗದ್ದೆ ಈ ತುದಿಯಿಂದ ಆ ತುದಿಗೆ ಹಸಿರಾಗಿತ್ತು. ಮಳೆಗಾಲ ಮುಗಿದ ಮೇಲೆ ಆದೇಶ ಗಿರಿಜಕ್ಕನ ಪರವಾಗಿ ಬಂತು.

ಮುಂದಿನ ನಾಟಿಯ ಹೊತ್ತಿಗೆ, ಬೇರೆ ಗದ್ದೆ ಹುಡುಕುತ್ತಿದ್ದ ನನ್ನನ್ನು ಅವರೇ ಕರೆಸಿದರು.

"ಈ ಸಲ ಒಂದು ಚಿಟಿಕೆ ಬೂದಿ ಸಹ ಹಾಕುವುದಿಲ್ಲ ಸಾರ್. ಬಡವಾಗಲಿ. ಗದ್ದೆ ನನ್ನದು, ಈಗ ಕೇಳುವವರು ಯಾರುಂಟು?"

ಆ ವರ್ಷ ಕಂಟ್ರೋಲ್ ತುಂಡು ನಾನು ಬಯಸಿದಷ್ಟೂ ಹಳದಿಯಾಯಿತು; ಕಂತಿನ ತುಂಡು ಎಲ್ಲಕ್ಕಿಂತ ಚೆನ್ನಾಗಿ ತೆನೆ ಕಟ್ಟಿತು. ದಾರಿಹೋಕರು ಪೈರಿಗೆ ಎಂತ ರೋಗ ಎಂದು ಕೇಳಿದರೆ ಗಿರಿಜಕ್ಕ ಬದುವಿನ ಮೇಲೆ ನಿಂತು, "ರೋಗ ಎಂತದು ಮಾರಾಯ, ನಾನೇ ಬೇಕೂಂತ ಬಿಟ್ಟದ್ದು" ಎನ್ನುತ್ತಿದ್ದರು.

ಅಂದಿನಿಂದ ನಿವೃತ್ತಿಯವರೆಗೂ, ಯಾರ ಗದ್ದೆಗೆ ಹೋದರೂ ಮಣ್ಣಿನ ಮಾದರಿ ತೆಗೆಯುವ ಮೊದಲು ಒಂದು ಮಾತು ಕೇಳುತ್ತಿದ್ದೆ: "ಇದು ಒಂದು ವರ್ಷ ಬಡವಾಗಿ ಕಂಡರೆ ನಿಮಗೆ ತೊಂದರೆ ಉಂಟಾ?"