ಬರ್ಮಾ ನರ್ಸಮ್ಮನಿಗೆ ಸಿಕ್ಕ ಒಂದು ತಿಂಗಳು

ಕಲ್ಯಾಣದುರ್ಗದ ಆಸ್ಪತ್ರೆಗೆ ಅವಳು ಬಂದದ್ದು ಯುದ್ಧದ ಕಾಲದಲ್ಲಿ. ಜಪಾನಿನವರು ರಂಗೂನಿನ ಮೇಲೆ ಬಾಂಬು ಹಾಕಿದಾಗ ಅಲ್ಲಿನ ನರ್ಸುಗಳಲ್ಲಿ ಕೆಲವರು ಕಾಡುಬೆಟ್ಟ ದಾಟಿ ನಡೆದೇ ಈ ದೇಶಕ್ಕೆ ಬಂದಿದ್ದರು. ಅವರಲ್ಲಿ ಇವಳೂ ಒಬ್ಬಳು. ಮದರಾಸಿನಲ್ಲಿ ಯಾರೋ ಇವಳಿಗೆ ಇಲ್ಲಿ ಕೆಲಸ ಕೊಟ್ಟು ಕಳಿಸಿದರು. ಊರಿನವರಿಗೆ ಅವಳು ಬರ್ಮಾ ನರ್ಸಮ್ಮ. ಆರು ತಿಂಗಳಲ್ಲಿ ತೆಲುಗು ಕಲಿತಳು, ವರ್ಷದೊಳಗೆ ಕನ್ನಡ. ಕುಂದುರ್ಪಿ ಕಡೆಯಿಂದ ಹೆರಿಗೆಗೆ ಬರುತ್ತಿದ್ದ ಹೆಂಗಸರ ಬಾಯಿಂದ ಕಲಿತ ಕನ್ನಡವಾದ್ದರಿಂದ ಅದರಲ್ಲಿ ಅರ್ಧ ನೋವಿನ ಮಾತು, ಅರ್ಧ ಬೈಗುಳ.

ನಾನು ಅದೇ ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರು. ನನ್ನ ತವರು ಹಿಂದೂಪುರ, ಬೆಲ್ಲದ ಮಂಡಿಯವರ ಮನೆ. ಮದುವೆಯಾದ ಎರಡನೇ ವರ್ಷಕ್ಕೆ ಗಂಡ ತೀರಿಕೊಂಡಿದ್ದರು. ಅಪ್ಪ ಯಾರ ಮಾತೂ ಕೇಳದೆ ನನ್ನನ್ನು ಟ್ರೈನಿಂಗಿಗೆ ಕಳಿಸಿ ಕೆಲಸಕ್ಕೆ ಸೇರಿಸಿದ್ದರು. ಕಲ್ಯಾಣದುರ್ಗಕ್ಕೆ ಬಂದ ಮರುವರ್ಷವೇ ನನಗೆ ಟೈಫಾಯಿಡ್ ಆಯಿತು. ಮೂರು ವಾರ ಆಸ್ಪತ್ರೆಯಲ್ಲಿದ್ದು ಹೊರಡುವ ದಿನ ಅವಳು ನನ್ನ ಹಾಸಿಗೆಯ ಗಂಟನ್ನು ತಾನೇ ಎತ್ತಿಕೊಂಡಳು.

"ಎಲ್ಗೋಯ್ತೀಯ? ಗಂಜಿ ಯಾರು ಮಾಡ್ಕೊಡ್ತಾರೆ?" ಎಂದು ಕೇಳಿ ತನ್ನ ಕ್ವಾರ್ಟರ್ಸಿನ ಕಡೆ ನಡೆದೇಬಿಟ್ಟಳು. ಗಂಜಿ ಕುಡಿಯಲು ಹೋದವಳು ನಾಲ್ಕು ವರ್ಷ ಅಲ್ಲೇ ಇದ್ದೆ.

ಊರು ಅದನ್ನು ತಪ್ಪಾಗಿ ಕಾಣಲಿಲ್ಲ. ಒಬ್ಬಳು ಗಂಡ ಸತ್ತವಳು, ಇನ್ನೊಬ್ಬಳು ದೇಶ ಬಿಟ್ಟು ಬಂದವಳು, ಒಬ್ಬರಿಗೊಬ್ಬರು ಆಸರೆ ಎಂದುಕೊಂಡರು. ಅದೂ ನಿಜವೇ. ಆದರೆ ನಮ್ಮದು ಸಂಸಾರವಾಗಿತ್ತು. ಗಂಡಹೆಂಡಿರು ಹೇಗಿರುತ್ತಾರೋ ಹಾಗೆ ಇದ್ದೆವು. ಹೊರಗೆ ಅವಳಿಗೆ ನಾನು ಟೀಚರಮ್ಮ, ನನಗೆ ಅವಳು ಸಿಸ್ಟರ್. ಮನೆಯೊಳಗೆ ಬೇರೆ ಹೆಸರುಗಳಿದ್ದವು. ಅವನ್ನು ಇಲ್ಲಿ ಬರೆಯಲು ಈ ವಯಸ್ಸಿನಲ್ಲೂ ನನ್ನ ಕೈ ಏಳುವುದಿಲ್ಲ.

ನಮ್ಮಮ್ಮ ಕೊನೆಯ ಕಾಯಿಲೆಯಲ್ಲಿ ಮಲಗಿದಾಗ ಅವಳು ರಜೆ ಹಾಕಿ ಹಿಂದೂಪುರಕ್ಕೆ ಬಂದು ಹದಿನೈದು ದಿನ ಅಮ್ಮನ ಮಲಮೂತ್ರ ಎತ್ತಿದಳು. ಸೊಸೆ ಮುಟ್ಟಲು ಹೋದರೆ ಕೈ ಕೊಡವುತ್ತಿದ್ದ ಅಮ್ಮ ಇವಳ ಕೈಯಿಂದ ಮಾತ್ರ ತುತ್ತು ತಿನ್ನುತ್ತಿದ್ದರು. ಅದೊಂದು ಸಂಗತಿ ಮುಂದೆ ನಮಗೆ ಆಧಾರವಾಗುತ್ತದೆಂದು ಆಗ ಗೊತ್ತಿರಲಿಲ್ಲ.

ಯುದ್ಧ ಮುಗಿದ ಮೇಲೆ ಅವಳ ಅಪ್ಪ ಬದುಕಿದ್ದಾರೆ, ಕಣ್ಣು ಕಾಣುವುದಿಲ್ಲ ಎಂದು ಕಾಗದ ಬಂತು. "ಮೂರು ತಿಂಗ್ಳು ಕಣಮ್ಮ, ನೋಡ್ಕೊಂಡು ಬಂದ್ಬುಡ್ತೀನಿ," ಎಂದು ಹೊರಟಳು. ಆಗ ಹೋಗುವುದು ಬರುವುದು ಅಷ್ಟೇನೂ ಕಷ್ಟವಿರಲಿಲ್ಲ. ಅಪ್ಪನನ್ನು ಬಿಟ್ಟು ಬರಲಾಗದೆ ಅವಳು ಅಲ್ಲಿರುವಾಗಲೇ ನಮಗೆ ಸ್ವಾತಂತ್ರ್ಯ ಬಂತು, ಅವರಿಗೂ ಬಂತು. ಹಿಂದೆಯೇ ಅಲ್ಲಿ ಒಳಜಗಳ ಎದ್ದಿತು. ಎಂಟು ತಿಂಗಳು ಒಂದು ಕಾಗದವೂ ಇಲ್ಲ. ಇಲ್ಲಿ ಅವಳ ಜಾಗಕ್ಕೆ ಬೇರೆ ನರ್ಸು ಬಂದಳು, ನಾನು ಕ್ವಾರ್ಟರ್ಸು ಬಿಟ್ಟು ಕೋಟೆ ಬೀದಿಯಲ್ಲಿ ಒಂದು ಬಾಡಿಗೆ ಕೋಣೆ ಹಿಡಿದೆ. ಕೊನೆಗೆ ಕಾಗದ ಬಂದಾಗ ಅದರಲ್ಲಿ ನನಗೆ ಅರ್ಥವಾಗದ ಒಂದು ಮಾತಿತ್ತು. ವೀಸಾ ಬೇಕಂತೆ. ನಾಲ್ಕು ವರ್ಷ ನನ್ನ ಜೊತೆ ರಾಗಿ ಮುದ್ದೆ ಉಂಡವಳು ಪರದೇಶದವಳಾಗಿದ್ದಳು. ಕೆಲಸಕ್ಕೆಂದು ಬರಲು ಬಿಡುವುದಿಲ್ಲ. ಬಂದು ನೋಡಿಕೊಂಡು ಹೋಗುವವರಿಗೆ ಕೊಡುವ ವೀಸಾ ಒಂದಿದೆ, ಅದಕ್ಕೆ ಇಲ್ಲಿಂದ ಯಾರಾದರೂ ಕರೆಯಬೇಕು ಎಂದು ಬರೆದಿದ್ದಳು.

ನಾನೇ ಕರೆದೆ. ಅರ್ಜಿ ಬರೆಯುವವರ ಹತ್ತಿರ ಇಂಗ್ಲಿಷಿನಲ್ಲಿ ಬರೆಸಿ ಕಳಿಸಿದೆ. ಕೆಲವು ತಿಂಗಳಾದ ಮೇಲೆ ತಾಲ್ಲೂಕು ಕಚೇರಿಗೆ ವಿಚಾರಣೆಗೆ ಬಾ ಎಂದು ಕರೆ ಬಂತು. ಅಲ್ಲಿನ ಗುಮಾಸ್ತರು ವಯಸ್ಸಾದವರು, ಅವರ ಮೊಮ್ಮಗಳು ನನ್ನ ತರಗತಿಯಲ್ಲೇ ಓದುತ್ತಿದ್ದಳು. ಕುರ್ಚಿ ಕೊಟ್ಟು ಕೂರಿಸಿ ತೆಲುಗಿನಲ್ಲಿ ಕೇಳಿದರು, "ಆಮೆ ಮೀಕೇಮವುತುಂದಮ್ಮಾ?"

ಆಕೆ ನಿಮಗೇನಾಗಬೇಕು ಎಂದು. ಸ್ನೇಹಿತೆ ಎಂದೆ.

"ಸ್ನೇಹಿತೆ ಅಂದ್ರೆ ಈ ಕಾಲಂನಲ್ಲಿ ಜಾಗ ಇಲ್ವಲ್ಲಮ್ಮ," ಎಂದು ಅವರು ಕನ್ನಡಕ್ಕೆ ತಿರುಗಿದರು. "ರಕ್ತಸಂಬಂಧನೋ, ಮದುವೆ ಸಂಬಂಧನೋ ಇರ್ಬೇಕು. ಇಲ್ಲಾಂದ್ರೆ ಮನೆ ಜಮೀನು ಇರೋರು ಯಾರಾದ್ರೂ ಜವಾಬ್ದಾರಿ ತಕ್ಕಬೇಕು. ನಿಮ್ದು ಬಾಡ್ಗೆ ಕೋಣೆ. ನಾನು ಏನಂತ ಬರೀಲಿ ಹೇಳಿ?"

ಅವರ ಮಾತಿನಲ್ಲಿ ಕುಹಕವಿರಲಿಲ್ಲ. ಪೆನ್ನು ಹಿಡಿದು ನನ್ನ ಮುಖವನ್ನೇ ನೋಡುತ್ತಾ, ನಾನೊಂದು ಪದ ಕೊಟ್ಟರೆ ಬರೆದುಕೊಳ್ಳಲು ಕಾಯುತ್ತಿದ್ದರು.

ಮುಂದಿನ ಶನಿವಾರ ಪೆನುಕೊಂಡದಲ್ಲಿ ಬಸ್ಸು ಬದಲಾಯಿಸಿ ಹಿಂದೂಪುರಕ್ಕೆ ಹೋದೆ. ಅಪ್ಪ ಹೋದ ಮೇಲೆ ಮಂಡಿ, ಮನೆ ಎಲ್ಲ ಅಣ್ಣನ ಕೈಯಲ್ಲಿತ್ತು. ಅಣ್ಣ ಕೆಟ್ಟವನಲ್ಲ. ಬೆಲ್ಲದ ಅಚ್ಚುಗಳ ಮೇಲೆ ಗೋಣಿ ಮುಚ್ಚಿಸುತ್ತಾ ಎಲ್ಲವನ್ನೂ ಕೇಳಿಸಿಕೊಂಡ. ಒಳಗೆ ಬಂದು ಕೈಕಾಲು ತೊಳೆದು, ವಿಭೂತಿ ಹಚ್ಚಿಕೊಂಡು ಕೂತ ಮೇಲೆ ಕೇಳಿದ.

"ಆಕೇನ ಕರ್ಸಿ ಏನ್ ಮಾಡ್ತೀಯಮ್ಮ?"

"ನೋಡ್ಬೇಕು ಅಣ್ಣ."

"ನೋಡಕೆ ಇಷ್ಟೆಲ್ಲ ಯಾಕೆ? ಕಾಗ್ದ ಬರೀತೀಯಲ್ಲ."

ಅತ್ತಿಗೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, "ಅತ್ತೇನ ನೋಡ್ಕೊಂಡವಳು ಕಣ್ರೀ," ಎಂದಳು.

ಅಣ್ಣ ತಲೆಯಾಡಿಸಿದ. "ಅದ್ಕೇ ಇಲ್ಲ ಅನ್ನಕಾಗಲ್ಲ. ನಾನು ಸೈನ್ ಹಾಕ್ತೀನಿ. ಆದ್ರೆ ನನ್ ಸೈನಾದ್ರೆ ನನ್ ಮನೇಲೇ ಇರ್ಬೇಕು. ಕಲ್ಯಾಣದುರ್ಗ ಗಿಲ್ಯಾಣದುರ್ಗ ಅಂತ ತಿರುಗ್ದಂಗಿಲ್ಲ. ನಾಳೆ ಏನಾದ್ರೂ ಆದ್ರೆ ಪೊಲೀಸ್ನೋರು ಕೇಳೋದು ನನ್ನ."

ಒಪ್ಪಿದೆ. ಒಪ್ಪದೆ ಇನ್ನೇನು ಮಾಡುವುದಿತ್ತು? ಹೊಸ ಅರ್ಜಿಯಲ್ಲಿ ಕರೆಯುವವನು ಅಣ್ಣ, ಇಳಿದುಕೊಳ್ಳುವ ಮನೆ ಅಣ್ಣನದು, ಕಾರಣ 'ತಾಯಿಯವರ ಆರೈಕೆ ಮಾಡಿದ ನರ್ಸು'. ಬರೆದದ್ದೆಲ್ಲ ನಿಜ. ಎರಡು ಸಲ ಓದಿ ನೋಡಿದೆ, ನನ್ನ ಹೆಸರು ಎಲ್ಲೂ ಇರಲಿಲ್ಲ.

ಅರ್ಜಿ ಹೋಗಿ ಉತ್ತರ ಬರುವಷ್ಟರಲ್ಲಿ ಒಂದು ವರ್ಷ ಕಳೆಯಿತು. ನಡುವೆ ಇಬ್ಬರು ಪೊಲೀಸಿನವರು ಸಲ ಸಲಕ್ಕೂ ಬೇರೆ ಬೇರೆ ಪ್ರಶ್ನೆ ಹಿಡಿದು ಅಣ್ಣನ ಮಂಡಿಗೆ ಬಂದು ಹೋದರು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಶಾಲೆಯಲ್ಲಿ ಮಗ್ಗಿ ಹೇಳಿಸುತ್ತಾ, ಅಂಚೆಯವನ ದಾರಿ ನೋಡುತ್ತಾ ದಿನ ನೂಕಿದೆ. ಕೊನೆಗೆ ವೀಸಾ ಸಿಕ್ಕಿತು. ಒಂದು ತಿಂಗಳು.

ಹಿಂದೂಪುರದ ಸ್ಟೇಷನ್ನಿಗೆ ನಾನೂ ಅಣ್ಣನೂ ಹೋಗಿದ್ದೆವು. ಅವಳು ಬೆಂಗಳೂರಿನ ಗಾಡಿಯಿಂದ ಇಳಿದಳು. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು, ಕೈಗಳು ಕಡ್ಡಿಯಂತಾಗಿದ್ದವು. ಮೊದಲು ಅಣ್ಣನಿಗೆ ಕೈ ಮುಗಿದಳು. ಆಮೇಲೆ ನನಗೂ ಹಾಗೆಯೇ ಕೈ ಮುಗಿದಳು. ನಾನೂ ಮುಗಿದೆ. ಪ್ಲಾಟ್‌ಫಾರಮ್ಮಿನ ಮೇಲೆ ನಾವಿಬ್ಬರೂ ಬೀಗಿತ್ತಿಯರಂತೆ ನಿಂತಿದ್ದೆವು.

ಮರುದಿನವೇ ಅಣ್ಣ ಅವಳನ್ನು ಠಾಣೆಗೆ ಕರೆದುಕೊಂಡು ಹೋಗಿ ಹೆಸರು ಬರೆಸಿದ. ವಾರಕ್ಕೊಮ್ಮೆ ಬಂದು ರುಜು ಹಾಕಬೇಕು, ಈ ತಾಲ್ಲೂಕು ಬಿಡಬೇಕಾದರೆ ಅನುಮತಿ ಬೇಕು ಎಂದರು. ಕಲ್ಯಾಣದುರ್ಗಕ್ಕೆ ಹೋಗಿಬರಲು ಕೇಳಿದ್ದಕ್ಕೆ ಅನಂತಪುರಕ್ಕೆ ಬರೆಯುತ್ತೇವೆ, ಉತ್ತರ ಬರಲು ತಿಂಗಳಾದರೂ ಆಗುತ್ತದೆ ಎಂದರಂತೆ. ಅಲ್ಲಿಗೆ ಆ ಮಾತು ಮುಗಿಯಿತು.

ಮನೆಯಲ್ಲಿ ಅವಳನ್ನು ಎಲ್ಲರೂ ಚೆನ್ನಾಗಿ ನೋಡಿಕೊಂಡರು. ಅದೇ ಕಷ್ಟವಾಯಿತು. ಅತಿಥಿಯೆಂದು ಮುಂದಿನ ಕೋಣೆ ಕೊಟ್ಟರು. ನನಗೆ ಹಾಸಿಗೆ ಒಳಗೆ, ಅಣ್ಣನ ಹೆಣ್ಣುಮಕ್ಕಳ ಜೊತೆ. ಅವಳು ಊಟಕ್ಕೆ ಕೂತರೆ ಬಡಿಸಲು ಮೂವರು. ಪಕ್ಕದ ಮನೆಯ ಹೆಂಗಸರು ಬರ್ಮಾದಲ್ಲಿ ಏನು ತಿನ್ನುತ್ತಾರೆ, ಜಪಾನಿನವರನ್ನು ಕಣ್ಣಾರೆ ಕಂಡಿದ್ದೀಯಾ ಎಂದು ಕೇಳಲು ಬರುತ್ತಿದ್ದರು. ಅವಳು ನಗುತ್ತಾ ಹೇಳುತ್ತಿದ್ದಳು. ನಡುನಡುವೆ ನನ್ನ ಕಡೆ ನೋಡುತ್ತಿದ್ದಳು. ನನಗೆ ಸಿಕ್ಕಿದ್ದು ಎಂಟು ದಿನ ರಜೆ. ಅದು ಮುಗಿದ ಮೇಲೆ ಶನಿವಾರ ಬಸ್ಸು ಹತ್ತುವುದು, ಭಾನುವಾರ ಮಧ್ಯಾಹ್ನ ಹಿಂದಿರುಗುವುದು. ಅವಳಿಗಾಗಿ ಅಷ್ಟು ವರ್ಷ ಕಾದವಳು ಅವಳನ್ನು ಅಲ್ಲಿ ಬಿಟ್ಟು ಕಲ್ಯಾಣದುರ್ಗದಲ್ಲಿ ಭೂಗೋಳ ಪಾಠ ಮಾಡುತ್ತಿದ್ದೆ.

ಎರಡನೇ ಶನಿವಾರ ನಾನು ಬಂದಾಗ ಅತ್ತಿಗೆ ಬುತ್ತಿ ಕಟ್ಟಿಟ್ಟಿದ್ದಳು. "ಪರಿಗಿ ತೋಟದಲ್ಲಿ ನಿಂಬೆಹಣ್ಣು ಬಿದ್ದು ಹೋಯ್ತಾ ಇದಾವೆ. ನೀವಿಬ್ರೂ ಹೋಗಿ ಆರ್ಸ್ಕೊಂಡು ಬನ್ನಿ. ಪರಿಗಿ ಈ ತಾಲ್ಲೂಕೇ ಅಲ್ವಾ," ಎಂದಳು. ಹೆಣ್ಣುಮಕ್ಕಳು ತಾವೂ ಬರುತ್ತೇವೆಂದು ಕುಣಿದರೆ ಗದರಿಸಿ ಒಳಗೆ ಕಳಿಸಿದಳು. ನನ್ನ ಮುಖ ನೋಡಲಿಲ್ಲ.

ಗಾಡಿಯವನು ನಮ್ಮನ್ನು ಇಳಿಸಿ ಸಂಜೆ ಬರುತ್ತೇನೆಂದು ಹೋದ. ಏನೇನೋ ಮಾತಾಡಬೇಕೆಂದು ನಾನು ವರ್ಷಗಟ್ಟಲೆ ಕೂಡಿಟ್ಟುಕೊಂಡಿದ್ದೆ. ಅವಳು ಬಾವಿಯ ಪಕ್ಕದ ಹೊಂಗೆಮರದ ಕೆಳಗೆ ಕೂತು ನನ್ನ ಕೈ ಹಿಡಿದುಕೊಂಡು, "ಆ ಮನೇಲಿ ನಿದ್ದೆ ಬರಾಕಿಲ್ಲ ಟೀಚರಮ್ಮ," ಎಂದಳು. ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದವಳು ಗಾಡಿ ಬರುವವರೆಗೂ ಏಳಲಿಲ್ಲ. ಕಾಲು ಜೋಮು ಹಿಡಿಯಿತು. ಎಬ್ಬಿಸಬೇಕು, ಇರುವುದು ಇದೊಂದೇ ಮಧ್ಯಾಹ್ನ ಎಂದು ಮನಸ್ಸು ಹೇಳುತ್ತಿತ್ತು. ಎಬ್ಬಿಸಲಾರದೆ ಹೋದೆ. ನಿಂಬೆಹಣ್ಣನ್ನು ಗಾಡಿಯವನೇ ಆರಿಸಿಕೊಟ್ಟ.

ಕೊನೆಯ ವಾರ ಅಣ್ಣನನ್ನು ಇನ್ನೊಮ್ಮೆ ಕೇಳಿದೆ. ಅವಧಿ ಹೆಚ್ಚಿಸಿ ಎಂದು ಅವನು ಬರೆದರೆ ಒಂದು ತಿಂಗಳಾದರೂ ಸಿಗಬಹುದು ಎಂದು ಆ ಗುಮಾಸ್ತರು ಹೇಳಿದ್ದರು.

"ಏನಂತ ಬರೀಲಿ?" ಎಂದ ಅಣ್ಣ. "ಅಮ್ಮ ತೀರ್ಕೊಂಡು ಎಷ್ಟ್ ವರ್ಷಾಯ್ತು. ಉಪಕಾರ ತೀರ್ಸಾಯ್ತು ಕಣಮ್ಮ. ಇನ್ನೂ ಇಟ್ಕೊಂಡ್ರೆ ಯಾಕೆ ಅಂತ ಕೇಳ್ತಾರೆ. ನಿನ್ನೂ ಕೇಳ್ತಾರೆ."

ಅವಳು ಮುಂದಿನ ಕೋಣೆಯಲ್ಲೇ ಇದ್ದಳು. ಬಾಗಿಲು ತೆರೆದಿತ್ತು. ನಾನು ಹೋಗಿ ನೋಡಿದಾಗ ಬಟ್ಟೆ ಮಡಿಸಿ ಪೆಟ್ಟಿಗೆಗೆ ಇಡುತ್ತಿದ್ದಳು. "ಅಣ್ಣಯ್ಯನ ಕೇಳ್ಬ್ಯಾಡ," ಎಂದಳು, "ಒಳ್ಳೇವ್ರು ಅವ್ರು."

ಅವಳು ಹೊರಡುವ ದಿನ ನಮ್ಮ ಶಾಲೆಯಲ್ಲಿ ಇನ್‌ಸ್ಪೆಕ್ಷನ್. ರಜೆ ಕೇಳಿದೆ, ಹೆಡ್‌ಮಿಸ್ಟ್ರೆಸ್ಸು ಕೈ ಚೆಲ್ಲಿದರು. ಯಾರು ಬಂದಿದ್ದಾರೆ, ಯಾರು ಹೋಗುತ್ತಿದ್ದಾರೆ ಎಂದು ಹೇಳಿಕೊಂಡು ಅವರ ಮುಂದೆ ಅಳಲಿ? ಅಣ್ಣನೇ ಬೆಂಗಳೂರಿನವರೆಗೆ ಹೋಗಿ ಮದರಾಸಿನ ರೈಲು ಹತ್ತಿಸಿ ಬಂದ. ಆ ಹೊತ್ತಿಗೆ ನಾನು ಇನ್‌ಸ್ಪೆಕ್ಷನ್ನಿಗೆ ಬಂದವರ ಮುಂದೆ ಮಕ್ಕಳ ಕೈಲಿ ಪದ್ಯ ಹೇಳಿಸುತ್ತಿದ್ದೆ. ಪಾಠ ಚೆನ್ನಾಗಿತ್ತೆಂದು ಬರೆದು ಹೋದರು.

ಎರಡು ವರ್ಷ ಕಾಗದಗಳು ಬಂದವು. ಅವಳಪ್ಪ ತೀರಿಕೊಂಡರು. ಬೆಟ್ಟದ ಕಡೆಯ ಒಂದು ಆಸ್ಪತ್ರೆಗೆ ಹೋಗುತ್ತಿದ್ದೇನೆ, ಹೊಸ ವಿಳಾಸ ಬರೆಯುತ್ತೇನೆ ಎಂದು ಒಂದು ಕಾಗದದಲ್ಲಿತ್ತು. ಆ ವಿಳಾಸ ಬರಲಿಲ್ಲ. ಹಳೆಯ ವಿಳಾಸಕ್ಕೆ ನಾನು ಬರೆದ ಮೂರು ಕಾಗದಗಳಲ್ಲಿ ಒಂದು ಮೈತುಂಬ ಮುದ್ರೆ ಹೊಡೆಸಿಕೊಂಡು ಹಿಂದಿರುಗಿತು. ಉಳಿದೆರಡು ಏನಾದವೋ ತಿಳಿಯದು. ನಾನು ಕಲ್ಯಾಣದುರ್ಗದಲ್ಲೇ ಕೆಲಸ ಮುಗಿಸಿದೆ.

ಅಣ್ಣ ತೀರಿಕೊಂಡ ಮೇಲೆ ಒಮ್ಮೆ ಹಿಂದೂಪುರದಲ್ಲಿ ನಾನೂ ಅತ್ತಿಗೆಯೂ ಅಂಗಳದಲ್ಲಿ ಕೂತು ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದೆವು. ಅವಳು ತಲೆ ಎತ್ತದೆ, "ಆ ಸಿಸ್ಟರು ಕಾಗ್ದ ಬರೀತಾರೇನಮ್ಮ?" ಎಂದು ಕೇಳಿದಳು.

"ಇಲ್ಲ ಅತ್ಗೆಮ್ಮ. ನಿಂತೋಗಿ ಭಾಳ ವರ್ಷಾಯ್ತು."

ಸ್ವಲ್ಪ ಹೊತ್ತು ಕುಟ್ಟಿದಳು. "ನಾನು ಇನ್ನೂ ಒಂದ್ ಮಾತು ಗಟ್ಟಿಯಾಗಿ ಹೇಳಿದ್ರೆ ನಿಮ್ಮಣ್ಣ ಬರ್ಕೊಡ್ತಿದ್ರೇನೋ. ಹೇಳ್ನಿಲ್ಲ ಕಣಮ್ಮ. ಭಯ ಆಯ್ತು," ಎಂದಳು.

ನನಗೂ ಆಗಿತ್ತು ಎಂದೆ. ಬಿಸಿಲು ಅಂಗಳಕ್ಕೆ ಇಳಿಯಿತು, ಇಬ್ಬರೂ ಮೊರಗಳನ್ನು ನೆರಳಿಗೆ ಎಳೆದುಕೊಂಡೆವು.