ಟ್ರೇಯೊಳಗಿನ ಬದು

ಅಡುಗೆಗೆ ಮೊದಲು ಕೈ ತೊಳೆಯುವವರನ್ನು ನೋಡಿದ್ದೇನೆ, ದೇವರಿಗೆ ಕೈಮುಗಿಯುವವರನ್ನೂ ನೋಡಿದ್ದೇನೆ. ಶಶಿಕಲಾ ಮಾತ್ರ ಓವನ್ನಿನ ಟ್ರೇಯನ್ನು ಬೆರಳಿನಿಂದ ಅಳೆಯುತ್ತಿದ್ದಳು. ಅಳೆದಾದ ಮೇಲೆ ಜೋಳದ ಹಿಟ್ಟನ್ನು ಬಿಸಿನೀರಿನಲ್ಲಿ ಗಟ್ಟಿಯಾಗಿ ನಾದಿ, ಉದ್ದಕ್ಕೆ ಹೊಸೆದು, ಟ್ರೇಯ ಈ ಅಂಚಿನಿಂದ ಆ ಅಂಚಿಗೆ ಬದು ಹಾಕುತ್ತಿದ್ದಳು. ಶಿರಗುಪ್ಪಿಯ ಕಬ್ಬು ಬೆಳೆಯುವ ಮನೆತನದ ಹುಡುಗಿ. ಬದು ಇಲ್ಲದ ಜಾಗ ಅವಳ ಕಣ್ಣಿಗೆ ಜಾಗವೇ ಅಲ್ಲ.

ನಾವಿದ್ದದ್ದು ಚಿಕ್ಕೋಡಿಯಲ್ಲಿ, ಕಾಲೇಜಿನ ಹಿಂದಿನ ಓಣಿಯ ಒಂದು ಕೋಣೆಯಲ್ಲಿ. ಮನೆಯೊಡತಿ ಮರಾಠಿ ಮಾತಿನ ಆಯಿ. ಕೋಣೆಯಲ್ಲಿ ಒಲೆ ಹಚ್ಚಕೂಡದೆಂದು ಅವರ ಕಟ್ಟಪ್ಪಣೆ. ನಿಪ್ಪಾಣಿಯ ಸೋದರಮಾವ ಮೂಲೆಗೆ ಹಾಕಿದ್ದ ಹಳೆಯ ಕರೆಂಟಿನ ಓವನ್ನನ್ನು ಶಶಿಕಲಾ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಳು. ಆಯಿ ಬಂದು ಬಗ್ಗಿ ನೋಡಿದರು. ಉರಿ ಕಾಣಲಿಲ್ಲ. "ಜಾಳ ನಾಹೀ? ಮಗ ಚಾಲ್ತಯ" ಎಂದು, ಅಂದರೆ ಉರಿ ಇಲ್ಲದಿದ್ದರೆ ನಡೆಯುತ್ತದೆಂದು, ಹೊರಟುಹೋದರು. ಉರಿ ಇಲ್ಲದ ಮೇಲೆ ಅದು ಒಲೆಯಲ್ಲ ಎಂಬ ಅವರ ತೀರ್ಪು ಮುಂದೆ ನಮ್ಮನ್ನು ಬಹಳ ಕಾಪಾಡಿತು.

ಮೊದಲ ಬದು ಬಿದ್ದದ್ದು ನನ್ನ ಸಲುವಾಗಿ. ನಾನು ಅಥಣಿ ಕಡೆಯ ಜೈನರ ಹುಡುಗಿ. ನೆಲದೊಳಗೆ ಬೆಳೆದದ್ದನ್ನು ತಿನ್ನುವವಳಲ್ಲ, ಹೊತ್ತು ಮುಳುಗಿದ ಮೇಲೆ ಉಣ್ಣುವವಳೂ ಅಲ್ಲ. ಅವಳಿಗೋ ಬಟಾಟೆ, ಉಳ್ಳಾಗಡ್ಡಿ ಇಲ್ಲದೆ ತುತ್ತು ಇಳಿಯದು. ಟ್ರೇ ಒಂದೇ. ಹೀಗಾಗಿ ಬದುವಿನ ಈಚೆ ನನ್ನ ಬೆಂಡೆ, ಡೊಣ್ಣಮೆಣಸು. ಆಚೆ ಅವಳ ಬಟಾಟೆ. ಎಣ್ಣೆ, ಖಾರದ ಪುಡಿ, ಉಪ್ಪು ಸವರಿ ಒಳಗೆ ತಳ್ಳಿದರೆ ನಮ್ಮ ಕೆಲಸ ಮುಗಿಯಿತು. ಕೋಣೆಯ ನೆಲ ನನ್ನ ಕಡೆಗೆ ಇಳಿಜಾರಾಗಿತ್ತು. ಉಳ್ಳಾಗಡ್ಡಿಯ ರಸ ಹರಿದು ಬಾರದಿರಲೆಂದು ಓವನ್ನಿನ ಕಾಲಿನ ಕೆಳಗೆ ರಟ್ಟು ತುರುಕಿ, "ಮ್ಯಾಲಿನ ಹೊಲದವ್ರು ನೀರು ಬಿಟ್ರ ಕೆಳಗಿನವ್ರ ಧರ್ಮ ಹಾಳಾಗ್ತೈತಿ" ಎಂದಳು. ನಗಲಿಲ್ಲ ಮಹರಾಯ್ತಿ. ಬೆಂದ ಬದು ಗರಿಗರಿಯಾಗಿ ಎಲ್ಲಕ್ಕಿಂತ ರುಚಿಯಾಗಿರುತ್ತಿತ್ತು. ಅದು ಸರ್ಕಾರಿ ಜಾಗ, ಯಾರೂ ಮುಟ್ಟಕೂಡದು ಎಂದು ಸಾರಿ, ಸರ್ಕಾರದ ಪರವಾಗಿ ತಾನೇ ತಿಂದು ಮುಗಿಸುತ್ತಿದ್ದಳು.

ಮರುವರ್ಷ ಅವಳ ಕಾಕಾನ ಮಗಳು ರಾಜಶ್ರೀ ಅದೇ ಕೋಣೆಗೆ ಬಂದಳು. ಈ ಹುಡುಗಿಯರ ಅಪ್ಪಂದಿರು ಒಡಹುಟ್ಟಿದವರಾದರೂ ಹೊಲದ ಬದುವಿನ ಸಲುವಾಗಿ ಮಾತು ಬಿಟ್ಟು ಬಹಳ ವರ್ಷಗಳಾಗಿದ್ದವು. ಒಬ್ಬರ ಒಲೆಯ ಮೇಲಿನದ್ದನ್ನು ಇನ್ನೊಬ್ಬರು ಉಣ್ಣಕೂಡದೆಂದು ಎರಡೂ ಮನೆಗಳಲ್ಲಿ ಆಣೆ. ಹಾಗಿದ್ದರೆ ಒಂದೇ ಕೋಣೆಯಲ್ಲಿ ಹೇಗೆ ಬಿಟ್ಟರು ಎನ್ನುತ್ತೀರಾ? ಯಾರು ಮೊದಲು ಮಗಳನ್ನು ಬಿಡಿಸಿಕೊಂಡು ಹೋಗುತ್ತಾರೋ ಅವರು ಸೋತಂತೆ. ಇಬ್ಬರೂ ಸೋಲಲೊಲ್ಲರು. ಶಶಿಕಲಾ ಟ್ರೇಯಲ್ಲಿ ಎರಡನೆಯ ಬದು ಹಾಕಿ ತಂಗಿಗೆ ಬದನೆಕಾಯಿಯ ಹೊಲ ಮಾಡಿಕೊಟ್ಟಳು. ಓವನ್ನು ಒಲೆಯಲ್ಲವಲ್ಲ, ಆಣೆಗೇನೂ ಧಕ್ಕೆಯಿಲ್ಲ.

ಆ ಚಳಿಗಾಲ ರಾಜಶ್ರೀಗೆ ಕಾಗವಾಡದ ವರ ಗೊತ್ತಾದ. ಶಶಿಕಲಾಳ ನಗು ಅಂದೇ ಹೋಯಿತು. ಒಂದೇ ತೊಟ್ಟಿಲಲ್ಲಿ ಬೆಳೆದ ತಂಗಿ. "ಆಕಿ ಲಗ್ನಕ್ಕ ನನ್ನ ಕರಿಯಂಗಿಲ್ಲ, ಕರದ್ರೂ ಅಪ್ಪ ಕಳಸಂಗಿಲ್ಲ" ಎಂದು ಬಟಾಟೆ ಹೆಚ್ಚುತ್ತಲೇ ಕಣ್ಣು ಒರೆಸಿಕೊಂಡಳು. ಉಳ್ಳಾಗಡ್ಡಿಯ ಮೇಲೆ ಹಾಕೋಣವೆಂದರೆ ಅಂದು ಉಳ್ಳಾಗಡ್ಡಿಯೇ ಇರಲಿಲ್ಲ.

ಕೆಲವು ದಿನ ಬಿಟ್ಟು, ಸಂಜೆ ನಾವು ಉಣ್ಣಲು ಕೂತಾಗ ಅವಳ ಅಪ್ಪ ಬಾಗಿಲಲ್ಲಿ ನಿಂತಿದ್ದರು. ಬರುತ್ತಾರೆಂದು ಅವಳು ನಮಗೆ ಹೇಳಿರಲಿಲ್ಲ. ಕಣ್ಣಳತೆಗೆ ಇಡೀ ಶಿರಗುಪ್ಪಿಯಲ್ಲಿ ಹೆಸರಾದ ಮನುಷ್ಯ. ತನ್ನ ಮಗಳು, ತಮ್ಮನ ಮಗಳು ಒಂದೇ ಟ್ರೇಗೆ ಕೈ ಹಾಕಿದ್ದನ್ನು ಕಂಡು ಅವರ ಮುಖ ಕೆಂಪಾಯಿತು. ರಾಜಶ್ರೀ ಬದನೆಕಾಯಿ ಬಾಯಲ್ಲಿಟ್ಟುಕೊಂಡೇ ಎದ್ದು ನಿಂತಳು.

"ಒಲಿ ಅಲ್ಲಪ್ಪಾ, ಓವನ್ನು. ಮತ್ತ ನಡುವ ಬದು ಐತಿ ನೋಡು" ಎಂದಳು ಶಶಿಕಲಾ.

ಬದು ಎಂದದ್ದೇ ತಡ, ಅವರು ಚಪ್ಪಲಿ ಬಿಟ್ಟು ಒಳಗೆ ಬಂದರು. ಕುಕ್ಕರಗಾಲಿನಲ್ಲಿ ಕೂತು, ಚಷ್ಮಾ ಏರಿಸಿ, ಟ್ರೇಯ ಈ ಅಂಚು ನೋಡಿದರು, ಆ ಅಂಚು ನೋಡಿದರು, ಬೆರಳಿಟ್ಟು ನೋಡಿ ಸುಟ್ಟುಕೊಂಡರು. ಬಳಿಕ ರಾಜಶ್ರೀಗೆ ನಿಮ್ಮಪ್ಪನಿಗೆ ಫೋನ್ ಹಚ್ಚು ಎಂದರು. ಅಷ್ಟು ವರ್ಷಗಳ ಮೇಲೆ ಅಣ್ಣ ತಮ್ಮನೊಂದಿಗೆ ಆಡಿದ ಮೊದಲ ಮಾತು ಇದು: "ನಿನ್ನ ಮಗಳು ನಮ್ಮ ಕಡೆ ಒಂದ ಬೆರಳು ಬದು ಒತ್ತ್ಯಾಳ. ಬಟಾಟಿಗೆ ಜಾಗಾ ಇಲ್ಲ. ಬಂದು ನೋಡು."

ತಾನು ಬದುವನ್ನು ಮುಟ್ಟೇ ಇಲ್ಲವೆಂದು ರಾಜಶ್ರೀ ಅತ್ತಳು. ಕೇಳುವವರು ಯಾರು?

ಮರುದಿನ ಮೊದಲ ಬಸ್ಸಿಗೇ ಕಾಕಾ ಬಂದಿಳಿದರು. ಅಷ್ಟರಲ್ಲಿ ನಾನು ಟ್ರೇ ತೊಳೆದಿದ್ದೆ. ಸಾಕ್ಷಿ ನಾಶವಾಯಿತೆಂದು ಕಾಕಾ, ಇದ್ದದ್ದು ಇದ್ದಹಾಗೆ ಮತ್ತೆ ಮಾಡಿ ತೋರಿಸಿರೆಂದು ಅಪ್ಪ. ಶಶಿಕಲಾ ಮತ್ತೆ ಹಿಟ್ಟು ನಾದಿದಳು. ಅಣ್ಣತಮ್ಮಂದಿರು ಓವನ್ನಿನ ಗಾಜಿನ ಬಾಗಿಲ ಮುಂದೆ ಟಿವಿ ನೋಡುವವರಂತೆ ಅಕ್ಕಪಕ್ಕ ಕೂತು, ಕಾವಿಗೆ ಬದು ಉಬ್ಬುತ್ತದೋ ಇಲ್ಲವೋ ಎಂದು ವಾದಿಸಿದರು. ಬೆಂದದ್ದನ್ನು ಪರೀಕ್ಷಿಸುತ್ತ ಪರೀಕ್ಷಿಸುತ್ತ ತಂತಮ್ಮ ಮಗಳ ಪಾಲನ್ನು ತಿಂದು ಖಾಲಿ ಮಾಡಿದರು. ತೀರ್ಪು ಮಾತ್ರ ಹೊರಬೀಳಲಿಲ್ಲ. ಅಂದಿನಿಂದ ಇಬ್ಬರೂ ವಾರಕ್ಕೊಮ್ಮೆ ಫೋನಿನಲ್ಲಿ ಬೈದಾಡತೊಡಗಿದರು. ಬೈದು ಮುಗಿದ ಮೇಲೆ ಎಮ್ಮೆ ಈದ ಸುದ್ದಿ, ಮೊಣಕಾಲಿನ ನೋವು.

ಹೊಲದ ಬದು ಇಂದಿಗೂ ಇದ್ದಲ್ಲೇ ಇದೆ. ಆದರೆ ಕಾಗವಾಡದ ಲಗ್ನದಲ್ಲಿ ಶಶಿಕಲಾಳ ಅಪ್ಪ ದಿನವಿಡೀ ಹಂದರದ ಗೂಟಗಳನ್ನು ಅಳೆಯುತ್ತ ತಮ್ಮನನ್ನು ಬೈಯುತ್ತಿದ್ದರು, ತಮ್ಮ ಹೂಂಗುಟ್ಟುತ್ತ ಹಿಂದೆ ಹಿಂದೆ ತಿರುಗುತ್ತಿದ್ದರು. ನಾನು ಶಶಿಕಲಾಳನ್ನು ಕೊನೆಯ ಸಲ ನೋಡಿದ್ದು ಅಲ್ಲೇ. ಆಮೇಲೆ ಅವಳೂ ಲಗ್ನವಾಗಿ ರಾಯಬಾಗದ ಕಡೆ ಹೋದಳು, ನಂಬರು ಬದಲಾಯಿತು. ಸಂಜೆ ಬೆಂಡೆಕಾಯಿ ಹೆಚ್ಚುವಾಗ ಆ ಬದುವಿನ ಹುಡುಗಿ ಬಹಳ ನೆನಪಾಗುತ್ತಾಳೆ.

ಲಗ್ನದ ದಿನ ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕೂತು ಮೆಲ್ಲಗೆ ಹೇಳಿದ್ದಳು: "ಬದು ಸರಿಸಿದಾಕಿ ನಾನ. ಪ್ರೀತಿಗೆ ನಮ್ಮಪ್ಪ ಫೋನ್ ಮಾಡಾಂವ ಅಲ್ಲ. ಜಗಳಾ ಅಂದ್ರ ಬಿಡಂಗಿಲ್ಲ."

ಭಲೆ, ಒಂದು ಬೆರಳು ಸರಿಸಿ ಲಗ್ನವನ್ನೇ ಸುಗಮ ಮಾಡಿದೆಯಲ್ಲ ಎಂದು ನಾನು ನಕ್ಕೆ. ಅವಳು ನಗಲಿಲ್ಲ. ಹಂದರದಲ್ಲಿ ಓಡಾಡುತ್ತಿದ್ದ ಅಪ್ಪನನ್ನೇ ನೋಡುತ್ತಿದ್ದಳು.

"ನಾ ಎರಡು ಬೆರಳು ಸರಿಸಿದ್ದೆ. ಅಪ್ಪನ ಕಣ್ಣಳತಿ ಎಂದೂ ತಪ್ಪಿದ್ದಿಲ್ಲ. ಫೋನಿನ್ಯಾಗ ತಮ್ಮಗ ಒಂದ ಬೆರಳು ಅಂದ."